ದಿನಾ ಉಡಲು ಯಾವ ಕಿಲ್ಟ್ ಒಳ್ಳೆಯದು?

ಎಡಿನ್‌ಬರೋದಲ್ಲಿ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ಮಂಡಿಯುದ್ದದ ನೆರಿಗೆ ಬಟ್ಟೆ, ನೋಡಬೇಕೆಂದರೆ ಶನಿವಾರ ಹೊರಗೆ ಬನ್ನಿ. ಮದುವೆಗೆ ಹೊರಟ ಗೆಳೆಯರ ಗುಂಪು, ಮರ್ರಿಫೀಲ್ಡ್‌ಗೆ ರಗ್ಬಿ ನೋಡಲು ಹೊರಟವರು, ರಾಯಲ್ ಮೈಲ್ ಬೀದಿಯಲ್ಲಿ ಬ್ಯಾಗ್‌ಪೈಪ್ ಊದುವವರು, ಎಲ್ಲರೂ ಸಿಗುತ್ತಾರೆ. ಮಂಗಳವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ಸಿಗುವವರು ಮಾತ್ರ ತುಂಬಾ ಕಡಿಮೆ. ಆ ಬಸ್ಸಿನಲ್ಲಿ ನಾನು ಆರು ವರ್ಷದಿಂದ ಕಿಲ್ಟ್ ಉಟ್ಟುಕೊಂಡೇ ಹೋಗುತ್ತಿದ್ದೇನೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಹುಡುಗರು ಆಗಾಗ ಕೇಳುತ್ತಾರೆ: "ಅಣ್ಣಾ, ನನಗೂ ಒಂದು ಬೇಕು, ಯಾವುದು ತಗೊಳ್ಳಲಿ?" ಈ ಬರಹ ಅವರಿಗಾಗಿ.

"ಉಟ್ಟುಕೊಂಡು" ಅಂದದ್ದು ಬೇಕೆಂತಲೇ. ಪ್ಯಾಂಟು ಹಾಕಿಕೊಳ್ಳುತ್ತೇವೆ, ಪಂಚೆ ಉಡುತ್ತೇವೆ. ಕಿಲ್ಟ್ ಪಂಚೆಯ ಕಡೆಯದು. ಆ ಪದದ ಮೂಲವೂ ಅದನ್ನೇ ಹೇಳುತ್ತದೆ. ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದ ಹಳೆಯ ಕ್ರಿಯಾಪದ ಅದು. ಉಟ್ಟ ಬಟ್ಟೆಯನ್ನು ಮೇಲೆತ್ತಿ ಸಿಕ್ಕಿಸುವುದು ಅಂತ ಅರ್ಥ. ಗದ್ದೆಗೆ ಇಳಿಯುವ ಮೊದಲು ನಮ್ಮಪ್ಪ ಪಂಚೆ ಎತ್ತಿ ಕಟ್ಟುತ್ತಿದ್ದರಲ್ಲ, ಅದೇ ಕೆಲಸ.

ಹೈಲ್ಯಾಂಡ್ಸ್ ಬೆಟ್ಟದ ಜನ ಇದನ್ನು ಹಬ್ಬಕ್ಕೆ ಅಂತ ಮಾಡಿಕೊಂಡವರಲ್ಲ. ಮೊದಲಿನ ದೊಡ್ಡ ಕಿಲ್ಟ್‌ಗೆ ಗೇಲಿಕ್ ಭಾಷೆಯಲ್ಲಿ ಫೇಲೆ ಮೋರ್ ಅಂತ ಹೆಸರು. ಹಗಲು ಅದೇ ಉಡುಗೆ, ಮಳೆ ಬಂದರೆ ಅದೇ ಮುಸುಕು, ರಾತ್ರಿ ಅದೇ ಹೊದಿಕೆ. 1746ರ ಕಾನೂನು ಸೈನಿಕರನ್ನು ಬಿಟ್ಟು ಉಳಿದ ಗಂಡಸರು ಹೈಲ್ಯಾಂಡ್ ಉಡುಪು ತೊಡುವುದನ್ನು ನಿಷೇಧಿಸಿತು. ಅದು ರದ್ದಾಗಿದ್ದು 1782ರಲ್ಲಿ. 36 ವರ್ಷ ಅಂದರೆ ಒಂದು ತಲೆಮಾರು. ದಿನಾ ಉಡುವ ಅಭ್ಯಾಸ ಅಷ್ಟರಲ್ಲಿ ತಪ್ಪಿಹೋಗಿತ್ತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದು ಕಿಲ್ಟ್ ಉಟ್ಟ. ಆಮೇಲೆ ಅದು ಮೆರವಣಿಗೆಯ ಬಟ್ಟೆಯಾಗಿ ಮತ್ತೆ ಎದ್ದಿತು. ಅಂಗಡಿಯವರು ಈಗಲೂ ಹಾಗೇ ಮಾರುತ್ತಾರೆ. ನೀವು ಮದುವೆಗೇ ಬಂದಿದ್ದೀರಿ ಅಂದುಕೊಂಡು ಮಾತು ಶುರುಮಾಡುತ್ತಾರೆ. ಹಾಗಾಗಿ ನಿಮಗೆ ಏನು ಬೇಕು ಅನ್ನುವುದು ಬಾಗಿಲು ದಾಟುವ ಮೊದಲೇ ಗೊತ್ತಿರಬೇಕು.

ಬಣ್ಣ ಆಮೇಲೆ, ತೂಕ ಮೊದಲು

ಹೆಚ್ಚಿನವರು ಟಾರ್ಟನ್, ಅಂದರೆ ಬಣ್ಣದ ಚೌಕುಳಿಯ ಮಾದರಿ, ಆರಿಸುವುದರಿಂದ ಶುರುಮಾಡುತ್ತಾರೆ. ದಿನಾ ಉಡುವವರಿಗೆ ಅದು ತಿರುಗುಮುರುಗು ದಾರಿ. ಮೊದಲು ನೋಡಬೇಕಾದ್ದು ಬಟ್ಟೆಯ ತೂಕ.

ಕಿಲ್ಟ್ ಬಟ್ಟೆಯನ್ನು ಗಜಕ್ಕೆ ಇಷ್ಟು ಔನ್ಸ್ ಅಂತ ಹೇಳುತ್ತಾರೆ. 10, 11 ಔನ್ಸ್ ಅಂದರೆ ಹಗುರ. 13 ಮಧ್ಯಮ. 16 ಭಾರ. ಇನ್ನು "8 ಗಜದ ಕಿಲ್ಟ್" ಅನ್ನುವುದು ಒಂಟಿ ಪನ್ನದ ಲೆಕ್ಕ. ಜೋಡಿ ಪನ್ನದ ಬಟ್ಟೆ 4 ಗಜ ತಗೊಂಡು ಉದ್ದಕ್ಕೆ ಕತ್ತರಿಸಿ ಸೇರಿಸಿದರೆ 8 ಗಜ ಆಗುತ್ತದೆ. ಈಗ ಲೆಕ್ಕ ಹಾಕಿ. 16 ಔನ್ಸಿನದು 4 ಗಜ ಅಂದರೆ 64 ಔನ್ಸ್, ಅಂದರೆ ಸುಮಾರು 1.8 ಕಿಲೋ. 13 ಔನ್ಸಿನ 5 ಗಜದ ಕಿಲ್ಟ್ ಅಂದರೆ ಜೋಡಿ ಪನ್ನದ್ದು ಎರಡೂವರೆ ಗಜ, ಸುಮಾರು 900 ಗ್ರಾಂ. ಹೆಚ್ಚುಕಡಿಮೆ ಅರ್ಧ. ಸೊಂಟದ ಮೇಲೆ ಇಡೀ ದಿನ ಹೊರುವುದು ನೀವು ತಾನೆ?

ಹಾಗಂತ ಹಗುರವಾದಷ್ಟೂ ಒಳ್ಳೆಯದು ಅಂತಲ್ಲ. ನನ್ನ ಮೊದಲ ಕಿಲ್ಟ್ ಇಂಟರ್‌ನೆಟ್‌ನಲ್ಲಿ 40 ಪೌಂಡಿಗೆ ತರಿಸಿದ್ದು. ಅಕ್ರಿಲಿಕ್ ಬಟ್ಟೆ. ಅದನ್ನು ಉಟ್ಟು ನಾರ್ತ್ ಬ್ರಿಜ್ ದಾಟುವಾಗ ಫೋರ್ತ್ ಕಡಲಿನ ಕಡೆಯಿಂದ ಗಾಳಿ ಬೀಸಿತು. ಹಿಂದಿನ ನೆರಿಗೆಯೆಲ್ಲ ಕೊಡೆಯ ಹಾಗೆ ಎದ್ದಿತು. ಎರಡೂ ಕೈಯಲ್ಲಿ ಹಿಡಿದುಕೊಂಡು ಸೇತುವೆ ಮುಗಿಸಿದೆ. ಆ ಬಟ್ಟೆ ಒಣ ಹವೆಯಲ್ಲಿ ತೊಡೆಗೆ ಅಂಟಿಕೊಳ್ಳುತ್ತಿತ್ತು. ಒಂದೇ ಒಗೆತಕ್ಕೆ ನೆರಿಗೆ ಬಿಚ್ಚಿಹೋಯಿತು. ಆಮೇಲೆ 13 ಔನ್ಸಿನ ಉಣ್ಣೆ ಉಟ್ಟಾಗ ಅದೇ ಸೇತುವೆಯಲ್ಲಿ ಅಂಚು ಸ್ವಲ್ಪ ಅಲುಗಾಡಿತು, ಅಷ್ಟೇ. ಉಣ್ಣೆಯ ನೆರಿಗೆಗೆ ತನ್ನದೇ ಭಾರ ಇರುತ್ತದೆ. ಹೆಜ್ಜೆ ಇಟ್ಟಾಗ ಆಚೆ ಹೋಗಿ, ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ನಾಲ್ಕು ಥರದ ಕಿಲ್ಟ್

ಮೊದಲನೆಯದು ಕೈಯಲ್ಲಿ ಹೊಲಿದ 8 ಗಜದ ಉಣ್ಣೆ. ಬೆಲೆ ಸುಮಾರು 500 ಪೌಂಡಿನಿಂದ ಶುರು, ಮೇಲಕ್ಕೆ ಮಿತಿ ಇಲ್ಲ. ಒಬ್ಬ ದರ್ಜಿಯ ಮೂರ್ನಾಲ್ಕು ದಿನದ ಕೆಲಸ ಅದರಲ್ಲಿರುತ್ತದೆ. ಒಮ್ಮೆ ಹಿಂದೆ ತಿರುಗಿಸಿ ನೋಡಿ. ಇಪ್ಪತ್ತೈದು, ಮೂವತ್ತು ನೆರಿಗೆ ಇರುತ್ತವೆ. ಪ್ರತಿ ನೆರಿಗೆಯೂ ಸೊಂಟದ ಹತ್ತಿರ ಕಿರಿದು, ಕೆಳಗೆ ಬರುತ್ತಾ ಅಗಲ. ಹಾಗಿದ್ದರೂ ಚೌಕುಳಿಯ ಗೆರೆ ಎಲ್ಲೂ ತಪ್ಪಿರುವುದಿಲ್ಲ. ಬಿಡಿಸಿಟ್ಟ ಬಟ್ಟೆಯಲ್ಲಿ ಹೇಗಿತ್ತೋ ಮಡಿಸಿದ ಮೇಲೂ ಹಾಗೇ ಕಾಣುತ್ತದೆ. ಇದನ್ನು "ಸೆಟ್‌ಗೆ ನೆರಿಗೆ ಹಿಡಿಯುವುದು" ಅನ್ನುತ್ತಾರೆ. ಸೆಟ್ ಅಂದರೆ ಟಾರ್ಟನ್‌ನಲ್ಲಿ ಮತ್ತೆ ಮತ್ತೆ ಬರುವ ಮಾದರಿ. ಸೈನ್ಯದವರದು ಬೇರೆ ಪದ್ಧತಿ. ಒಂದೇ ಪಟ್ಟೆ ಪ್ರತಿ ನೆರಿಗೆಯಲ್ಲೂ ಎದ್ದು ಕಾಣುವ ಹಾಗೆ ಮಡಿಸುತ್ತಾರೆ. ಈ ಕಿಲ್ಟ್ ಚೆನ್ನಾಗಿ ನೋಡಿಕೊಂಡರೆ ಮಗನ ಕಾಲಕ್ಕೂ ಬರುತ್ತದೆ. ಆದರೆ ಮೊದಲ ಕಿಲ್ಟ್ ಇದೇ ಆಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟು ದುಡ್ಡು ಕೊಟ್ಟದ್ದನ್ನು ಮಳೆಯಲ್ಲಿ ಉಡಲು ಮನಸ್ಸು ಬರುವುದಿಲ್ಲ. ಬೀರುವಿನಲ್ಲೇ ಉಳಿಯುತ್ತದೆ.

ಎರಡನೆಯದು 5 ಗಜದ ಉಣ್ಣೆ, ಮಿಷನ್ ಹೊಲಿಗೆ ಅಥವಾ ಅರ್ಧ ಕೈಹೊಲಿಗೆ. 200ರಿಂದ 350 ಪೌಂಡ್. ನೆರಿಗೆ ಅಷ್ಟು ಆಳ ಇರುವುದಿಲ್ಲ, ಹಾಗಾಗಿ ನಡೆಯುವಾಗ ಬೀಸು ಕಡಿಮೆ. ಕುರ್ಚಿಯಲ್ಲಿ ಎಂಟು ಗಂಟೆ ಕೂರುವವರಿಗೆ ಅದೇ ಅನುಕೂಲ. ಬೆನ್ನ ಕೆಳಗೆ ಬಟ್ಟೆಯ ಗಂಟು ಆಗುವುದಿಲ್ಲ. ಬೇಸಿಗೆಯಲ್ಲೂ ಬೇಯುವುದಿಲ್ಲ. ನಾನು ಹೆಚ್ಚಾಗಿ ಉಡುವುದು ಇದನ್ನೇ. ಒಂದೇ ಕಿಲ್ಟ್ ತಗೊಳ್ಳುವುದಾದರೆ 13 ಔನ್ಸಿನ ಈ 5 ಗಜದ್ದು ತಗೊಳ್ಳಿ.

ಮೂರನೆಯದು ಪಾಲಿಯೆಸ್ಟರ್-ವಿಸ್ಕೋಸ್. ಅಂಗಡಿಯಲ್ಲಿ ಸುಮ್ನೆ "ಪಿವಿ" ಅನ್ನುತ್ತಾರೆ. 100 ಪೌಂಡಿನ ಆಸುಪಾಸು. ಮುಟ್ಟಿದರೆ ಉಣ್ಣೆಯ ಹಾಗೇ ಅನ್ನಿಸುತ್ತದೆ, ಚುಚ್ಚುವುದಿಲ್ಲ. ತಣ್ಣೀರಿನಲ್ಲಿ ಮಿಷನ್‌ಗೆ ಹಾಕಬಹುದು. ಉಣ್ಣೆ ಮೈಗೆ ಆಗದವರಿಗೆ, ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಓಡಾಡುವವರಿಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಅಕ್ರಿಲಿಕ್‌ಗೂ ಇದಕ್ಕೂ ಅಜಗಜಾಂತರ. ಬೆಲೆ ಪಟ್ಟಿಯಲ್ಲಿ ಎರಡನ್ನೂ ಪಕ್ಕಪಕ್ಕ ಹಾಕಿರುತ್ತಾರೆ, ಗಮನಿಸಿ. ಇಂಟರ್‌ನೆಟ್‌ನಲ್ಲಿ ಸಿಗುವ ಅಗ್ಗದ ಕಿಲ್ಟ್‌ಗಳಲ್ಲಿ ಬಹಳಷ್ಟು ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ತಯಾರಾಗುತ್ತವೆ. ಬ್ಯಾಗ್‌ಪೈಪ್ ಮಾಡುವುದರಲ್ಲೂ ಆ ಊರಿಗೆ ದೊಡ್ಡ ಹೆಸರು. ಅಲ್ಲಿನ ಕೈಕೆಲಸದಲ್ಲಿ ತಪ್ಪಿಲ್ಲ. ತಪ್ಪಿರುವುದು ಅಗ್ಗಕ್ಕಾಗಿ ಆರಿಸಿದ ಬಟ್ಟೆಯಲ್ಲಿ.

ನಾಲ್ಕನೆಯದು ಟಾರ್ಟನ್ ಇಲ್ಲದ, ಜೇಬಿರುವ ಕಿಲ್ಟ್. ದಪ್ಪ ಹತ್ತಿ, ಡೆನಿಮ್, ಒಂದೊಂದು ಸಲ ಟ್ವೀಡ್. ಅಮೆರಿಕದ ಸಿಯಾಟಲ್‌ನಲ್ಲಿ 2000ದಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಕಂಪನಿಯಿಂದ ಈ ಥರದ್ದಕ್ಕೆ ಹೆಸರು ಬಂತು. ಎಡಿನ್‌ಬರೋದಲ್ಲೇ ಹೌವಿ ನಿಕಲ್ಸ್‌ಬಿ ಎನ್ನುವ ಕಿಲ್ಟ್ ದರ್ಜಿ ಡೆನಿಮ್, ಚರ್ಮ, ಟ್ವೀಡ್ ಎಲ್ಲದರಲ್ಲೂ ಕಿಲ್ಟ್ ಹೊಲಿದು, ತಾವೂ ದಿನಾ ಉಟ್ಟು ತೋರಿಸಿದವರು. ಮರಗೆಲಸ, ತೋಟದ ಕೆಲಸ, ಬೆಟ್ಟ ಹತ್ತುವುದು, ಇಂಥವಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಂದು ವಿಷಯ ನೆನಪಿಡಿ. ಒದ್ದೆಯಾದ ಹತ್ತಿ ಭಾರ, ತಣ್ಣಗೆ, ಒಣಗುವುದೂ ನಿಧಾನ. ಉಣ್ಣೆ ಮಳೆಯಲ್ಲಿ ನೆಂದರೂ ಬೆಚ್ಚಗೇ ಇರುತ್ತದೆ. ಸ್ಕಾಟ್ಲೆಂಡಿನ ನವೆಂಬರ್‌ನಲ್ಲಿ ಈ ವ್ಯತ್ಯಾಸ ಮೊಣಕಾಲಿಗೇ ಗೊತ್ತಾಗುತ್ತದೆ. ಬೆಂಗಳೂರಿಗೆ ತಗೊಂಡು ಹೋಗಿ ಉಡುವ ಆಸೆ ಇದ್ದರೆ ಮಾತ್ರ ಹತ್ತಿಯದೇ ಸರಿ.

ಇನ್ನು ಬಾಡಿಗೆ. ಗೆಳೆಯನ ಮದುವೆ ಒಂದೇ ಕಾರಣ ಆಗಿದ್ದರೆ ಬಾಡಿಗೆಗೆ ತಗೊಳ್ಳಿ. ದಿನಬಳಕೆಯ ಮಾತಿಗೆ ಅದು ಸೇರುವುದಿಲ್ಲ.

ಅಳತೆ: ಇಲ್ಲಿ ಎಡವುವವರೇ ಜಾಸ್ತಿ

ಪ್ಯಾಂಟಿನ ಅಳತೆ ಕೊಡಬೇಡಿ. ಕಿಲ್ಟ್ ಕೂರುವುದು ಹೊಕ್ಕುಳಿನ ಮಟ್ಟಕ್ಕೆ. ಪ್ಯಾಂಟು ಕೂರುವುದಕ್ಕಿಂತ ಒಂದು ಗೇಣು ಅಲ್ಲದಿದ್ದರೂ ನಾಲ್ಕು ಬೆರಳು ಮೇಲೆ. ಹೆಚ್ಚಿನವರಿಗೆ ಅಲ್ಲಿನ ಸುತ್ತಳತೆ ಪ್ಯಾಂಟಿನ ನಂಬರಿಗಿಂತ ಎರಡು, ಮೂರು ಇಂಚು ಜಾಸ್ತಿ ಬರುತ್ತದೆ. ಜೇಬಿರುವ ಹತ್ತಿಯ ಕಿಲ್ಟ್ ಮಾತ್ರ ಪ್ಯಾಂಟಿನ ಹಾಗೆ ಕೆಳಗೆ ಕೂರುತ್ತದೆ.

ಉದ್ದ ಇನ್ನೂ ಮುಖ್ಯ. ಒಳ್ಳೆಯ ಕಿಲ್ಟ್‌ನ ಕೆಳಗೆ ಮಡಿಸಿ ಹೊಲಿದಿರುವುದಿಲ್ಲ. ನೇಯುವಾಗಲೇ ಬಂದ ಅಂಚು ಹಾಗೇ ಕೆಳಗಿರುತ್ತದೆ, ನಮ್ಮ ಸೀರೆ, ಪಂಚೆಯ ಅಂಚಿನ ಹಾಗೆ. ನಾನು ಊರಿಗೆ ಒಯ್ದಾಗ ಅಪ್ಪ ಮೊದಲು ಮಾಡಿದ್ದೇ ಆ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನೋಡಿದ್ದು. "ಹೊಲಿಗೆ ಇಲ್ಲ, ಒಳ್ಳೆ ನೇಯ್ಗೆ ಕಣೋ" ಅಂದರು. ಹೊಲಿಗೆ ಇಲ್ಲದ್ದರಿಂದಲೇ ಕೆಳಗಿನಿಂದ ಗಿಡ್ಡ ಮಾಡುವ ಹಾಗಿಲ್ಲ. ನೆಲದ ಮೇಲೆ ಮಂಡಿಯೂರಿ ನೆಟ್ಟಗೆ ನಿಂತುಕೊಳ್ಳಿ. ಅಂಚು ನೆಲಕ್ಕೆ ತಾಗೀ ತಾಗದ ಹಾಗೆ, ಹೆಚ್ಚೆಂದರೆ ಒಂದು ಇಂಚು ಮೇಲೆ ಇರಬೇಕು. ಎದ್ದು ನಿಂತರೆ ಅದು ಮಂಡಿಚಿಪ್ಪಿನ ನಡುವಿಗೋ ಸ್ವಲ್ಪ ಮೇಲಕ್ಕೋ ಬರುತ್ತದೆ. ಮಂಡಿಗಿಂತ ಕೆಳಗೆ ಇಳಿದರೆ ನಡೆಯುವಾಗ ಒದ್ದೆ ಅಂಚು ಕಾಲಿನ ಹಿಂದೆ ಉಜ್ಜಿ ಉಜ್ಜಿ ಕೆಂಪಾಗುತ್ತದೆ.

ಗಂಡಸರ ಕಿಲ್ಟ್‌ನಲ್ಲಿ ಮುಂದಿನ ಸಪಾಟು ಭಾಗ ಎಡದಿಂದ ಬಂದು ಬಲಕ್ಕೆ ಮುಗಿಯುತ್ತದೆ. ಬಕಲ್‌ಗಳು ಎರಡೋ ಮೂರೋ ಇರುತ್ತವೆ. ಅವುಗಳ ತೂತುಗಳಿಂದ ಒಂದೆರಡು ಇಂಚು ಆಚೀಚೆ ಮಾಡಿಕೊಳ್ಳಬಹುದು. ಹಬ್ಬದ ಊಟ ಆದ ಮೇಲೆ ಇದರ ಬೆಲೆ ತಿಳಿಯುತ್ತದೆ.

ಟಾರ್ಟನ್: ಯಾರು ಯಾವುದನ್ನು ಉಡಬಹುದು?

"ನಮ್ಮದು ಯಾವ ಕ್ಲ್ಯಾನೂ ಅಲ್ಲವಲ್ಲ, ಉಟ್ಟರೆ ತಪ್ಪಾಗುತ್ತಾ?" ಅಂತ ನಮ್ಮವರು ಅಳುಕುತ್ತಾರೆ. ಕ್ಲ್ಯಾನ್ ಅಂದರೆ ಒಂದೇ ಹೆಸರಿನ ಸ್ಕಾಟಿಷ್ ಮನೆತನ. ತಪ್ಪಿಲ್ಲ. ಯಾರು ಯಾವ ಟಾರ್ಟನ್ ಉಡಬೇಕು ಅಂತ ಕಾನೂನಿಲ್ಲ. ಬಾಲ್ಮೋರಲ್ ಟಾರ್ಟನ್ ರಾಜಮನೆತನಕ್ಕೆ ಸೇರಿದ್ದು, ಅದನ್ನು ಗೌರವದಿಂದ ಬಿಟ್ಟುಬಿಡಿ. ಉಳಿದ ಕ್ಲ್ಯಾನ್ ಟಾರ್ಟನ್ ಉಟ್ಟರೆ ಆ ಹೆಸರಿನ ಅಜ್ಜ ಒಬ್ಬರು ಬಸ್ಸಿನಲ್ಲಿ ಸಿಕ್ಕಿ, "ನೀವು ನಮ್ಮವರಾ?" ಅಂತ ಕೇಳಬಹುದು. ನನಗೆ ಹಾಗೆ ಆಗಿದೆ. ಒಳ್ಳೆಯ ಮಾತುಕತೆಯೇ ಆಯಿತು.

ಎಲ್ಲರಿಗೂ ಅಂತಲೇ ಇರುವ ಟಾರ್ಟನ್‌ಗಳೂ ಇವೆ. ಐಲ್ ಆಫ್ ಸ್ಕೈ ಅದರಲ್ಲಿ ನನಗೆ ತುಂಬಾ ಇಷ್ಟ. ಬೆಟ್ಟದ ಹೆದರ್ ಗಿಡದ ನೇರಳೆ, ಹುಲ್ಲಿನ ಹಸಿರು, ಮಂಜಿನ ಬೂದು. ಬ್ಲ್ಯಾಕ್ ವಾಚ್ ಇನ್ನೊಂದು. ಅದೇ ಹೆಸರಿನ ಪಡೆಯದು. ಕಡು ನೀಲಿ, ಕಡು ಹಸಿರು, ಕಪ್ಪು. ದಿನಬಳಕೆಗೆ ನಾನು ಹೇಳುವುದು ಇದನ್ನೇ. ಯಾವ ಅಂಗಿಗೂ ಹೊಂದುತ್ತದೆ, ಕೆಸರು ಸಿಡಿದರೂ ಕಾಣುವುದಿಲ್ಲ. ಕೆಂಪು ರಾಯಲ್ ಸ್ಟೂವರ್ಟ್ ನೋಡಲು ಸೊಗಸು, ಆದರೆ ವಾರಕ್ಕೆ ನಾಲ್ಕು ದಿನ ಉಟ್ಟರೆ ಕಣ್ಣಿಗೆ ಭಾರ. ಸ್ಕಾಟಿಷ್ ಟಾರ್ಟನ್‌ಗಳ ಅಧಿಕೃತ ದಾಖಲೆ 2009ರಲ್ಲಿ ಶುರುವಾಯಿತು. ಅದನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಸ್ಕಾಟ್ಲೆಂಡಿನ ಸಿಖ್ಖರಿಗಾಗಿ ಮಾಡಿಸಿದ ಸಿಂಗ್ ಟಾರ್ಟನ್ ಕೂಡ ಇದೆ. ಬೇರೆ ನೆಲದಿಂದ ಬಂದವರು ಇಲ್ಲಿಯ ಬಟ್ಟೆಯಲ್ಲಿ ತಮ್ಮ ಗೆರೆ ಸೇರಿಸಿದ್ದು ನೋಡಿದಾಗ ನನಗೆ ಖುಷಿಯಾಗುತ್ತದೆ.

ಸ್ಪೊರನ್: ಜೇಬೇ ಇಲ್ಲದ ಬಟ್ಟೆಗೆ ಜೇಬು

ಸ್ಪೊರನ್ ಅಂದರೆ ಗೇಲಿಕ್‌ನಲ್ಲಿ ಪರ್ಸ್. ಮುಂದೆ ತೂಗುವ ಚೀಲ. ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿಯ ಕೆಲಸವೇ ಇದರದ್ದು. ಕೂದಲು, ತುಪ್ಪಳ, ಬೆಳ್ಳಿ ಬಣ್ಣದ ಪಟ್ಟಿ ಇರುವವು ಸಮಾರಂಭಕ್ಕೆ. ದಿನಾ ಬೇಕಾದ್ದು ಸಾದಾ ಚರ್ಮದ "ಡೇ ಸ್ಪೊರನ್".

ಅಂಗಡಿಯಲ್ಲಿ ನಾಚಿಕೆ ಪಡದೆ ನಿಮ್ಮ ಫೋನ್ ತೆಗೆದು ಒಳಗೆ ಹಾಕಿ ನೋಡಿ. ಅರ್ಧಕ್ಕರ್ಧ ಸ್ಪೊರನ್‌ಗಳಲ್ಲಿ ಈಗಿನ ದೊಡ್ಡ ಫೋನ್ ಹಿಡಿಸುವುದಿಲ್ಲ. ಫೋನ್, ಬಸ್ ಕಾರ್ಡು, ಬೀಗದ ಕೈ, ಕರವಸ್ತ್ರ, ಇಷ್ಟು ಹಾಕಿ ಮುಚ್ಚಳ ಸಲೀಸಾಗಿ ಮುಚ್ಚಬೇಕು. ಹಿಂದಿನ ಚರ್ಮ ನುಣುಪಾಗಿರಲಿ. ಗಟ್ಟಿ ಅಂಚಿದ್ದರೆ ಕಿಲ್ಟ್‌ನ ಮುಂಭಾಗ ಸವೆಯುತ್ತದೆ. ತೂಗುಹಾಕಲು ಸರಪಳಿ ಬೇಡ, ಚರ್ಮದ ಪಟ್ಟಿ ತಗೊಳ್ಳಿ. ಸರಪಳಿ ವರ್ಷಗಟ್ಟಲೆ ಉಜ್ಜಿ ಬೆನ್ನಿನ ಕಡೆ ಉಣ್ಣೆಯನ್ನು ತಿಂದುಹಾಕುತ್ತದೆ. ಬೆಲ್ಟಿನ ಬಕಲ್‌ನಿಂದ ನಾಲ್ಕು ಬೆರಳು ಕೆಳಗೆ ತೂಗಿದರೆ ಸರಿ. ಕಾರು ಓಡಿಸುವಾಗ, ಊಟಕ್ಕೆ ಕೂರುವಾಗ ಪಕ್ಕಕ್ಕೆ ಸರಿಸಿಕೊಳ್ಳಿ.

ತುಪ್ಪಳದ್ದೇ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಸೀಲ್ ಚರ್ಮದ ಸ್ಪೊರನ್ ಅಮೆರಿಕಕ್ಕೆ ಒಯ್ಯುವಂತಿಲ್ಲ. ಕೆಲವು ಕಾಡುಪ್ರಾಣಿಗಳ ತುಪ್ಪಳಕ್ಕೆ ಇಲ್ಲೂ ಕಾಗದಪತ್ರ ಬೇಕು.

ಉಳಿದ ಸಾಮಾನು

ಕಾಲಿಗೆ ಮೊದಲು. ನಾಲಿಗೆ ಇಲ್ಲದ, ದಾರವನ್ನು ಕಣಕಾಲಿಗೆ ಸುತ್ತಿ ಕಟ್ಟುವ ಗಿಲ್ಲಿ ಬ್ರೋಗ್ ಶೂ ಮದುವೆಗೆ ಚೆಂದ. ಮಳೆಯ ದಿನ ಅದರೊಳಗೆ ನೀರು ಸೀದಾ ಇಳಿಯುತ್ತದೆ. ನಿಮ್ಮ ಹತ್ತಿರ ಈಗಾಗಲೇ ಇರುವ ಚರ್ಮದ ಬೂಟು ಸಾಕು. ಕಾಲುಚೀಲ ಉಣ್ಣೆಯದು, ಮಂಡಿಯ ಕೆಳಗೆ ಎರಡು ಮೂರು ಬೆರಳು ಬಿಟ್ಟು ಮಡಿಸುವಷ್ಟು ಉದ್ದದ್ದು. ಬಿಳಿ ಬೇಡ, ಬಾಡಿಗೆ ಉಡುಪಿನ ನೋಟ ಬರುತ್ತದೆ. ಬೂದು, ಕಡು ಹಸಿರು, ಓಟ್ಸ್ ಬಣ್ಣ ತಗೊಳ್ಳಿ.

ಮೇಲೆ ಸೊಂಟದ ಹತ್ತಿರ ಮುಗಿಯುವ ಸ್ವೆಟರ್ ಅಥವಾ ಗಿಡ್ಡ ಜಾಕೆಟ್. ಕಿಲ್ಟ್ ಎತ್ತರದಲ್ಲಿ ಕೂರುವುದರಿಂದ ಮಾಮೂಲಿ ಕೋಟು ಹಾಕಿದರೆ ಅರ್ಧ ಕಿಲ್ಟ್ ಮುಚ್ಚಿಹೋಗುತ್ತದೆ.

ಕಿಲ್ಟ್ ಪಿನ್ನು ಹೊರಗಿನ ಪದರಕ್ಕೆ ಮಾತ್ರ ಚುಚ್ಚಬೇಕು. ಎರಡೂ ಪದರ ಸೇರಿಸಿ ಚುಚ್ಚಿದರೆ ಕೂತು ಏಳುವಾಗ ಬಟ್ಟೆ ಹರಿಯುತ್ತದೆ. ದಿನಾ ಅದನ್ನು ಹಾಕಲೇಬೇಕು ಅಂತೇನಿಲ್ಲ.

ಕಾಲುಚೀಲದಲ್ಲಿ ಸಿಕ್ಕಿಸುವ ಪುಟ್ಟ ಚಾಕು, ಸ್ಕೀನ್ ಡೂ, ಇದನ್ನು ಮನೆಯಲ್ಲೇ ಬಿಡಿ. ರಾಷ್ಟ್ರೀಯ ಉಡುಪಿನ ಭಾಗವಾಗಿ ಇಟ್ಟುಕೊಂಡರೆ ಕಾನೂನಿನಲ್ಲಿ ವಿನಾಯಿತಿ ಇದೆ, ಸಿಖ್ಖರ ಕಿರ್ಪಾಣಕ್ಕೆ ಧಾರ್ಮಿಕ ಕಾರಣದ ವಿನಾಯಿತಿ ಇರುವ ಹಾಗೆ. ಆದರೆ ಆಫೀಸು, ಶಾಲೆ, ಬಸ್ಸಿನಲ್ಲಿ ಅದರಿಂದ ಉಪಯೋಗ ಏನೂ ಇಲ್ಲ. ವಿಮಾನದಲ್ಲಂತೂ ಕೈಚೀಲದಲ್ಲಿ ಬಿಡುವುದೇ ಇಲ್ಲ.

ಒಳಗೆ ಏನು ಅನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಬಸ್ಸು, ಮೆಟ್ಟಿಲು, ಮಕ್ಕಳು ಇರುವ ಜಾಗಕ್ಕೆ ಹೋಗುವವರು ಒಳಉಡುಪು ಹಾಕಿಕೊಳ್ಳಿ. ನಾನು ದಿನಾ ಹಾಕುತ್ತೇನೆ.

ಕೂರುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಕುರ್ಚಿಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ಅಂಗೈಯನ್ನು ಬೆನ್ನಿನ ಕೆಳಗಿನಿಂದ ತೊಡೆಯ ಹಿಂದಿನವರೆಗೆ ಸವರುತ್ತಾ ನೆರಿಗೆಯನ್ನು ಚಪ್ಪಟೆ ಮಾಡಿ, ಹಾಗೇ ಕೂತುಬಿಡಿ. ಮುಂದಿನ ಬಟ್ಟೆ ಎರಡು ತೊಡೆಯ ನಡುವೆ ಇಳಿಯಲಿ, ಸ್ಪೊರನ್ ಅದರ ಮೇಲೆ ಕೂರಲಿ. ಒಂದು ವಾರದಲ್ಲಿ ಕೈಗೆ ತಾನಾಗಿ ಬರುತ್ತದೆ. ಸವರದೆ ಕೂತರೆ ಸಂಜೆಗೆ ನೆರಿಗೆ ಮುದುಡಿ, ಇಸ್ತ್ರಿಯ ಕೆಲಸ ದುಪ್ಪಟ್ಟು.

ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಹೈಲ್ಯಾಂಡ್ಸ್ ಕಡೆ ಹೋಗುವವರು ಮಂಡಿಗೆ ಕೀಟ ಓಡಿಸುವ ಮುಲಾಮು ಹಚ್ಚಿಕೊಳ್ಳಿ. ಮಿಡ್ಜ್ ಅನ್ನುವ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊಣ ಹಿಂಡುಹಿಂಡಾಗಿ ಬಂದು ಕಚ್ಚುತ್ತದೆ.

ಇಟ್ಟುಕೊಳ್ಳುವ ಬಗೆ

ಉಣ್ಣೆಯ ಕಿಲ್ಟನ್ನು ಪದೇ ಪದೇ ಒಗೆಯಬೇಡಿ. ಮನೆಗೆ ಬಂದ ಕೂಡಲೇ ಬ್ರಷ್‌ನಿಂದ ಉಜ್ಜಿ, ಸೊಂಟದ ಪಟ್ಟಿಗೆ ಕ್ಲಿಪ್ ಹಾಕಿ ಗಾಳಿಗೆ ತೂಗುಹಾಕಿ. ಕೆಸರಿದ್ದರೆ ಒಣಗಲು ಬಿಡಿ, ಆಮೇಲೆ ಉದುರಿಸಿ. ವರ್ಷಕ್ಕೊಮ್ಮೆ ಡ್ರೈ ಕ್ಲೀನಿಂಗ್‌ಗೆ ಕೊಡುವುದಾದರೆ ಮೊದಲು ನೆರಿಗೆಗಳ ಅಂಚಿಗೆ ಕಚ್ಚಾ ಹೊಲಿಗೆ ಹಾಕಿ. ಬಿಳಿ ದಾರ, ಉದ್ದುದ್ದ ಹೊಲಿಗೆ, ಒಂದು ಗಂಟೆಯ ಕೆಲಸ. ಇಲ್ಲದಿದ್ದರೆ ಅವರು ತಮಗೆ ತೋಚಿದ ಕಡೆ ಗೆರೆ ಒತ್ತಿ ಕೊಡುತ್ತಾರೆ. ಒಂದು ಸಲ ನನಗೆ ಹಾಗೇ ಆಗಿ, ಇಪ್ಪತ್ತೇಳು ನೆರಿಗೆಯನ್ನೂ ಒದ್ದೆ ಬಟ್ಟೆ ಹಾಸಿ ಒಂದೊಂದಾಗಿ ಮತ್ತೆ ಒತ್ತಿದೆ.

ಪ್ರಯಾಣಕ್ಕೆ ಇಲ್ಲಿನ ಹಳಬರ ಒಂದು ಉಪಾಯ ಇದೆ. ನೆರಿಗೆಗಳನ್ನು ಒತ್ತಾಗಿ ಸೇರಿಸಿ, ಕಿಲ್ಟನ್ನು ಉದ್ದಕ್ಕೆ ಸುರುಳಿ ಸುತ್ತಿ, ಹಳೆಯ ನೈಲಾನ್ ಸ್ಟಾಕಿಂಗ್‌ನ ಒಂದು ಕಾಲೊಳಗೆ ತೂರಿಸುತ್ತಾರೆ. ಸೂಟ್‌ಕೇಸ್‌ನಲ್ಲಿ ಅದು ಒಂದು ಸೋರೆಕಾಯಿಯಷ್ಟೇ ಜಾಗ ಹಿಡಿಯುತ್ತದೆ. ಎಡಿನ್‌ಬರೋದಿಂದ ಬೆಂಗಳೂರಿಗೆ ಹಾಗೆ ಒಯ್ದು ಬಿಚ್ಚಿದಾಗ ಒಂದು ನೆರಿಗೆಯೂ ಕದಲಿರಲಿಲ್ಲ.

ಕೊನೆಗೆ ಹುಳ. ಉಣ್ಣೆ ತಿನ್ನುವುದು ಪತಂಗದ ಮರಿಹುಳ. ಆ ಪತಂಗ ಬೆಳಕಿಗೆ ಬರುವುದಿಲ್ಲ, ಬೀರುವಿನ ಕತ್ತಲಲ್ಲಿ ಮೊಟ್ಟೆ ಇಡುತ್ತದೆ. ಅದು ಹುಡುಕುವುದೇ ನೆರಿಗೆಯ ಒಳಮಡಿಕೆ. ಅಮ್ಮ ರೇಷ್ಮೆ ಸೀರೆಯ ನಡುವೆ ಇಡುವ ಒಣ ಬೇವಿನೆಲೆಯನ್ನು ನಾನೂ ಒಂದು ಹತ್ತಿಯ ಚೀಲದಲ್ಲಿ ತುಂಬಿ ಪಕ್ಕಕ್ಕೆ ತೂಗುಹಾಕಿದ್ದೇನೆ. ಆದರೂ ತಿಂಗಳಿಗೊಮ್ಮೆ ಕಿಟಕಿಯ ಬಳಿ ತಂದು, ಒಂದೊಂದು ನೆರಿಗೆ ಬಿಡಿಸಿ ಬ್ರಷ್ ಆಡಿಸುತ್ತೇನೆ. ದಿನಾ ಉಡುವ ಕಿಲ್ಟ್‌ನಲ್ಲಿ ಇದುವರೆಗೆ ಒಂದು ತೂತೂ ಕಂಡಿಲ್ಲ. ಮದುವೆಗೆ ಅಂತ ಎತ್ತಿಟ್ಟಿದ್ದ ಎಂಟು ಗಜದ್ದರಲ್ಲಿ ಮೂರು ಸಿಕ್ಕವು.